ಸಂಕ್ರಮಣ ಲೋಹಗಳ ಅಯಾನಿಕ ಸಂಯುಕ್ತಗಳು: ಹೆಸರಿನಿಂದ ಸೂತ್ರಕ್ಕೆ, ಸೂತ್ರದಿಂದ ಹೆಸರಿಗೆ

ಕಲಿಕಾರ್ಥಿ

ಎಲ್ಲರಿಗೂ ನಮಸ್ಕಾರ. ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಆಕ್ಸೈಡ್, ಅಲ್ಯೂಮಿನಿಯಂ ಸಲ್ಫೇಟ್ ಮುಂತಾದ ಅಯಾನಿಕ ಸಂಯುಕ್ತಗಳ ಸೂತ್ರ ಬರೆಯುವುದು ನನಗೆ ತಕ್ಕಮಟ್ಟಿಗೆ ರೂಢಿಯಾಗಿದೆ. ಅಲ್ಲಿ ಪ್ರತಿ ಲೋಹಕ್ಕೂ ಒಂದೇ ವೇಲೆನ್ಸಿ ಇರುವುದರಿಂದ ಅದನ್ನು ನೆನಪಿಟ್ಟುಕೊಂಡರೆ ಕೆಲಸ ಮುಗಿಯುತ್ತದೆ. ಆದರೆ ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಕ್ರೋಮಿಯಂಗಳಂಥ ಸಂಕ್ರಮಣ ಲೋಹಗಳು ಬಂದೊಡನೆ ಗೊಂದಲ ಶುರುವಾಗುತ್ತದೆ.

ನನ್ನ ಪ್ರಶ್ನೆಗಳು ಇವು. ಐರನ್(3) ಕ್ಲೋರೈಡ್ ಎಂಬ ಹೆಸರಿನೊಳಗಿನ 3 ಏನನ್ನು ಹೇಳುತ್ತದೆ? ಸೂತ್ರವನ್ನು ಕೊಟ್ಟು ಹೆಸರು ಕೇಳಿದಾಗ ಆ ಅಂಕಿಯನ್ನು ಎಲ್ಲಿಂದ ಹುಡುಕಬೇಕು? ಜಿಂಕ್ ಕ್ಲೋರೈಡ್ ಎಂದು ಬರೆಯುವಾಗ ಅಂಕಿಯೇ ಇಲ್ಲವಲ್ಲ, ಅದೇಕೆ?

ಟೈಪ್ ಮಾಡಲು ಅನುಕೂಲವೆಂದು ಧಾತುಗಳ ಸಂಕೇತಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯುತ್ತಿದ್ದೇನೆ. ಆವರಣದೊಳಗಿನ ಅಂಕಿಯನ್ನು ಪುಸ್ತಕಗಳಲ್ಲಿ ರೋಮನ್ ಅಂಕಿಯಾಗಿ ಮುದ್ರಿಸುತ್ತಾರೆಂಬುದು ಗೊತ್ತಿದೆ. ಇಲ್ಲಿ ಅದಕ್ಕೂ ಸಾಮಾನ್ಯ ಅಂಕಿಯನ್ನೇ ಬಳಸಿದ್ದೇನೆ.

ನಿವೃತ್ತ ಉಪನ್ಯಾಸಕ

ಮೊದಲನೆಯ ಪ್ರಶ್ನೆಯಿಂದಲೇ ಆರಂಭಿಸೋಣ, ಏಕೆಂದರೆ ಅದು ಸ್ಪಷ್ಟವಾದರೆ ಎರಡನೆಯದು ಅರ್ಧ ಬಗೆಹರಿದಂತೆ. ಆವರಣದೊಳಗಿನ 3 ಎಂಬುದು ಕಬ್ಬಿಣದ ಪ್ರತಿಯೊಂದು ಅಯಾನಿನ ಮೇಲಿರುವ ಧನ ಆವೇಶ. ಅದು ಪರಮಾಣುಗಳ ಸಂಖ್ಯೆಯಲ್ಲ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೆಂಪು ಶಾಯಿ ಹಾಕಿದ ಜಾಗ ಇದೇ: ಐರನ್(3) ಕ್ಲೋರೈಡ್ ಎಂದು ಕೇಳಿದರೆ, 3 ಎಂಬ ಅಂಕಿ ಕಬ್ಬಿಣದ ಪಕ್ಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳು ಎಫ್‌ಇ₃ ಸಿಎಲ್ ಎಂದು ಬರೆದುಬಿಡುತ್ತಾರೆ. ಸರಿಯಾದ ಉತ್ತರ ಎಫ್‌ಇ ಸಿಎಲ್₃. ಒಂದು ಕಬ್ಬಿಣದ ಅಯಾನಿನ +3 ಆವೇಶವನ್ನು ಸರಿದೂಗಿಸಲು −1 ಆವೇಶದ ಕ್ಲೋರೈಡ್ ಅಯಾನುಗಳು ಮೂರು ಬೇಕು.

ಈ ಲೋಹಗಳಿಗೆ ಒಂದಕ್ಕಿಂತ ಹೆಚ್ಚು ಆವೇಶಗಳು ಏಕೆ ಬರುತ್ತವೆ ಎಂಬುದನ್ನು ತಿಳಿದುಕೊಂಡರೆ ಅಂಕಿಯ ಅಗತ್ಯವೂ ಮನವರಿಕೆಯಾಗುತ್ತದೆ. ಸೋಡಿಯಂ ಪರಮಾಣುವಿನಿಂದ ಮೊದಲ ಇಲೆಕ್ಟ್ರಾನನ್ನು ಕಿತ್ತುಹಾಕಲು ಪ್ರತಿ ಮೋಲ್‌ಗೆ ಸುಮಾರು 496 ಕಿಲೋಜೌಲ್ ಶಕ್ತಿ ಸಾಕು. ಎರಡನೆಯದು ಒಳಕವಚದಲ್ಲಿರುವುದರಿಂದ ಸುಮಾರು 4562 ಕಿಲೋಜೌಲ್ ಬೇಕು. ಹಾಗಾಗಿ ಸೋಡಿಯಂ +1ಕ್ಕೆ ನಿಂತುಬಿಡುತ್ತದೆ. ಕಬ್ಬಿಣದಲ್ಲಿ ಹೊರಗಿನ 4ಎಸ್ ಉಪಕವಚದಲ್ಲಿ ಎರಡು, 3ಡಿ ಉಪಕವಚದಲ್ಲಿ ಆರು ಇಲೆಕ್ಟ್ರಾನುಗಳಿದ್ದು ಇವೆರಡರ ಶಕ್ತಿಗಳ ನಡುವಿನ ಅಂತರ ಅಷ್ಟು ದೊಡ್ಡದಲ್ಲ. ಅಲ್ಲಿ ಮೊದಲ ಮೂರು ಇಲೆಕ್ಟ್ರಾನುಗಳಿಗೆ ಕ್ರಮವಾಗಿ ಸುಮಾರು 762, 1562 ಮತ್ತು 2957 ಕಿಲೋಜೌಲ್ ಬೇಕಾಗುತ್ತದೆ. ಏರಿಕೆ ಇದೆ, ಆದರೆ ಸೋಡಿಯಂನಲ್ಲಿ ಕಂಡ ಒಂಬತ್ತು ಪಟ್ಟಿನ ಜಿಗಿತ ಇಲ್ಲ. ಆದ್ದರಿಂದ ಸುತ್ತಲಿನ ಪರಿಸ್ಥಿತಿಯನ್ನು ಅವಲಂಬಿಸಿ ಕಬ್ಬಿಣ ಎರಡು 4ಎಸ್ ಇಲೆಕ್ಟ್ರಾನುಗಳನ್ನು ಮಾತ್ರ ಬಿಟ್ಟುಕೊಟ್ಟು +2 ಆಗಬಹುದು, ಅಥವಾ 3ಡಿಯಿಂದ ಇನ್ನೊಂದನ್ನೂ ಬಿಟ್ಟುಕೊಟ್ಟು +3 ಆಗಬಹುದು. ಬರಿಯ ಐರನ್ ಕ್ಲೋರೈಡ್ ಎಂದರೆ ಯಾವುದೆಂದು ತಿಳಿಯುವುದೇ ಇಲ್ಲ. ಎಫ್‌ಇ ಸಿಎಲ್₂ ಮತ್ತು ಎಫ್‌ಇ ಸಿಎಲ್₃ ಎರಡೂ ಇರುವ ವಸ್ತುಗಳೇ.

ಇನ್ನು ಸೂತ್ರದಿಂದ ಹೆಸರಿಗೆ ಹೋಗುವ ದಾರಿ. ಇಲ್ಲಿ ಲೋಹವನ್ನು ನೋಡುತ್ತಾ ಕೂರಬಾರದು, ಋಣ ಅಯಾನನ್ನು ನೋಡಬೇಕು. ಸಂಕ್ರಮಣ ಲೋಹದ ಆವೇಶ ಬದಲಾಗುತ್ತದೆ, ಋಣ ಅಯಾನಿನ ಆವೇಶ ಬದಲಾಗುವುದಿಲ್ಲ. ಉದಾಹರಣೆಗೆ ಸಿಒ₃(ಪಿಒ₄)₂ ಎಂಬ ಸೂತ್ರವನ್ನು ತೆಗೆದುಕೊಳ್ಳಿ (ಇಲ್ಲಿ ಸಿಒ ಎಂದರೆ ಕೋಬಾಲ್ಟ್, ಕಾರ್ಬನ್ ಮತ್ತು ಆಕ್ಸಿಜನ್ ಅಲ್ಲ). ಫಾಸ್ಫೇಟ್ ಅಯಾನಿನ ಆವೇಶ −3, ಅಂಥವು ಎರಡು, ಒಟ್ಟು −6. ಸಂಯುಕ್ತ ತಟಸ್ಥವಾಗಿರಬೇಕಾದರೆ ಮೂರು ಕೋಬಾಲ್ಟ್ ಅಯಾನುಗಳು ಸೇರಿ +6 ಕೊಡಬೇಕು, ಅಂದರೆ ಒಂದೊಂದೂ +2. ಹೆಸರು ಕೋಬಾಲ್ಟ್(2) ಫಾಸ್ಫೇಟ್. ಸೂತ್ರದಲ್ಲಿ ಕೋಬಾಲ್ಟ್‌ನ ಪಕ್ಕ 3 ಇದೆ, ಹೆಸರಿನಲ್ಲಿ 2 ಇದೆ ಎಂಬುದನ್ನು ಗಮನಿಸಿ. ಈ ಒಂದು ಉದಾಹರಣೆಯನ್ನು ಕೈಯಾರೆ ಬಿಡಿಸಿದವರು ಆವೇಶವನ್ನೂ ಪರಮಾಣುಗಳ ಸಂಖ್ಯೆಯನ್ನೂ ಮತ್ತೆ ಬೆರೆಸುವುದು ಅಪರೂಪ.

ಬಾಯಿಪಾಠ ಎಂದರೆ ಮೂಗು ಮುರಿಯುವವರಿದ್ದಾರೆ, ಆದರೆ ನೈಟ್ರೇಟ್ −1, ಹೈಡ್ರಾಕ್ಸೈಡ್ −1, ಸಲ್ಫೇಟ್ −2, ಕಾರ್ಬೋನೇಟ್ −2, ಫಾಸ್ಫೇಟ್ −3 ಎಂಬುದನ್ನು ಬಾಯಿಪಾಠ ಮಾಡದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದಿಡಲಾಗದು.

ಹೆಸರು ಬರೆಯುವಾಗಿನ ಸಣ್ಣ ಶಿಸ್ತನ್ನೂ ಹೇಳಿಬಿಡುತ್ತೇನೆ: ಲೋಹದ ಹೆಸರಿಗೂ ಆವರಣಕ್ಕೂ ನಡುವೆ ಜಾಗ ಬಿಡಬಾರದು, ಆವರಣದ ನಂತರ ಜಾಗ ಬಿಡಬೇಕು.

ಪ್ರಯೋಗಾಲಯ ಸಹಾಯಕಿ

ಉಪನ್ಯಾಸಕರು ಹೇಳಿದ್ದಕ್ಕೆ ಪ್ರಯೋಗಾಲಯದ ಕಪಾಟಿನ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ಪುಸ್ತಕದಲ್ಲಿ ಐರನ್(2) ಸಲ್ಫೇಟ್ ಎಂದು ಓದಿಕೊಂಡು ಬಂದವರು ಬಾಟಲಿಗಳ ಮುಂದೆ ನಿಂತಾಗ ಅವುಗಳ ಮೇಲೆ ಫೆರಸ್ ಸಲ್ಫೇಟ್, ಫೆರಿಕ್ ಕ್ಲೋರೈಡ್, ಕ್ಯುಪ್ರಿಕ್ ನೈಟ್ರೇಟ್ ಎಂಬ ಹೆಸರುಗಳೇ ಕಾಣಿಸುವುದುಂಟು. ಆದ್ದರಿಂದ ಹಳೆಯ ಹೆಸರುಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅವುಗಳ ಮಿತಿ ತಿಳಿದಿರಬೇಕು.

ಲೋಹದ ಕಡಿಮೆ ಆವೇಶದ ಸ್ಥಿತಿಗೆ ‘ಅಸ್’, ಹೆಚ್ಚಿನ ಸ್ಥಿತಿಗೆ ‘ಇಕ್’ ಎಂಬ ಪ್ರತ್ಯಯಗಳ ಬೇರು 1787ರಲ್ಲಿ ಗೀಟನ್ ದ ಮೊರ್ವೊ, ಲಾವಾಸಿಯೆ, ಬೆರ್ತೊಲೆ ಮತ್ತು ಫೂರ್‌ಕ್ರ್ವಾ ಎಂಬ ಫ್ರೆಂಚ್ ವಿಜ್ಞಾನಿಗಳು ರೂಪಿಸಿದ ನಾಮಕರಣ ಪದ್ಧತಿಯಲ್ಲಿದೆ. ಈ ಪ್ರತ್ಯಯಗಳು ಯಾವುದು ಕಡಿಮೆ, ಯಾವುದು ಹೆಚ್ಚು ಎಂದು ಮಾತ್ರ ಹೇಳುತ್ತವೆ, ಎಷ್ಟು ಎಂದು ಹೇಳುವುದಿಲ್ಲ. ಫೆರಸ್ (ಕಬ್ಬಿಣ) ಎಂದರೆ +2, ಆದರೆ ಕ್ಯುಪ್ರಸ್ (ತಾಮ್ರ) ಎಂದರೆ +1. ಫೆರಿಕ್ +3, ಕ್ಯುಪ್ರಿಕ್ +2, ಸ್ಟ್ಯಾನಿಕ್ (ತವರ) +4. ಒಂದೇ ‘ಇಕ್’ ಮೂರು ಕಡೆ ಮೂರು ಬೆಲೆ ತಾಳುತ್ತದೆ. ಇನ್ನು ವೆನೇಡಿಯಂನಂಥ ಲೋಹಕ್ಕೆ ಬಂದರೆ ಈ ಪದ್ಧತಿ ಕೈಚೆಲ್ಲುತ್ತದೆ, ಏಕೆಂದರೆ ಅದಕ್ಕೆ +2, +3, +4, +5 ಎಂಬ ನಾಲ್ಕು ಸ್ಥಿತಿಗಳಿವೆ. ನೀರಿನಲ್ಲಿ ಅವು ಕ್ರಮವಾಗಿ ನೇರಳೆ, ಹಸಿರು, ನೀಲಿ, ಹಳದಿ ಬಣ್ಣ ತೋರಿಸುತ್ತವೆ. ಎರಡು ಪ್ರತ್ಯಯಗಳನ್ನು ನಾಲ್ಕು ಸ್ಥಿತಿಗಳಿಗೆ ಹಂಚುವುದು ಹೇಗೆ?

ಈ ತೊಡಕನ್ನು ಬಿಡಿಸಿದವರು ಜರ್ಮನಿಯ ಆಲ್ಫ್ರೆಡ್ ಸ್ಟಾಕ್. ಲೋಹದ ಸ್ಥಿತಿಯನ್ನು ಅಂಕಿಯಲ್ಲಿಯೇ ಬರೆದುಬಿಡೋಣ ಎಂದು 1919ರಲ್ಲಿ ಅವರು ಸೂಚಿಸಿದರು. ಸ್ಟಾಕ್ ಪದ್ಧತಿ ಎಂದು ಈಗಲೂ ಕರೆಯುವುದು ಅದನ್ನೇ.

ಸಂಶಯಾತ್ಮ

ಕ್ಷಮಿಸಿ, ಇಷ್ಟು ಸರಳ ವಿಷಯಕ್ಕೆ ಅಯಾನೀಕರಣ ಶಕ್ತಿ, ಫ್ರೆಂಚ್ ಇತಿಹಾಸ ಎಲ್ಲವೂ ಬೇಕೆ ಎಂಬುದು ನನ್ನ ಅನುಮಾನ. ಎರಡೂ ಅಯಾನುಗಳ ಆವೇಶಗಳನ್ನು ಬರೆದು, ಚಿಹ್ನೆ ಬಿಟ್ಟು, ಅಂಕಿಗಳನ್ನು ಅಡ್ಡವಾಗಿ ಅದಲುಬದಲು ಮಾಡಿದರೆ ಸೂತ್ರ ಸಿದ್ಧವಾಗುತ್ತದೆ. ಎಫ್‌ಇ³⁺ ಮತ್ತು ಎಸ್‌ಒ₄²⁻ ಇದ್ದರೆ 3 ಸಲ್ಫೇಟಿನ ಕೆಳಗೆ, 2 ಕಬ್ಬಿಣದ ಕೆಳಗೆ: ಎಫ್‌ಇ₂(ಎಸ್‌ಒ₄)₃. ಹೆಸರು ಬೇಕಾದರೆ ಅದೇ ಅಂಕಿಗಳನ್ನು ಹಿಂದಕ್ಕೆ ಅಡ್ಡ ಮಾಡಿ. ಇದನ್ನು ಹೇಳಿಕೊಟ್ಟರೆ ಸಾಕಾಗುವುದಿಲ್ಲವೆ?

ಧಾತುಪ್ರಿಯೆ

ಸಾಕಾಗುವುದಿಲ್ಲ ಎಂಬುದಕ್ಕೆ ನಿಮ್ಮ ಉಪಾಯದಿಂದಲೇ ಮೂರು ಸಂಯುಕ್ತಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು ಟೈಟಾನಿಯಂ(4) ಆಕ್ಸೈಡ್. ಅಡ್ಡ ಬದಲಿಸಿದರೆ ಟಿಐ₂ ಒ₄ ಬರುತ್ತದೆ. ಅಯಾನಿಕ ಸಂಯುಕ್ತಕ್ಕೆ ನಾವು ಬರೆಯುವುದು ಅಯಾನುಗಳ ಅತಿ ಸರಳ ಅನುಪಾತವನ್ನಾದ್ದರಿಂದ ಎರಡರಿಂದ ಭಾಗಿಸಿ ಟಿಐ ಒ₂ ಎಂದು ಮಾಡಬೇಕು. ಇದನ್ನು ನೀವು ಬಲ್ಲಿರಿ ಎಂದುಕೊಳ್ಳುತ್ತೇನೆ. ಆದರೆ ಈಗ ಟಿಐ ಒ₂ ಸೂತ್ರವನ್ನು ಕೊಟ್ಟು ಹೆಸರು ಕೇಳಿದರೆ, ಅಂಕಿಗಳನ್ನು ಹಿಂದಕ್ಕೆ ಅಡ್ಡ ಮಾಡಿದವರಿಗೆ ಟೈಟಾನಿಯಂ(2) ಆಕ್ಸೈಡ್ ಎಂಬ ತಪ್ಪು ಉತ್ತರ ಸಿಗುತ್ತದೆ. ಭಾಗಿಸುವಾಗ ಅಳಿಸಿಹೋದ ಮಾಹಿತಿಯನ್ನು ಅಡ್ಡ ಬದಲಾವಣೆ ಮರಳಿ ತಂದುಕೊಡಲಾರದು. ಆಕ್ಸೈಡ್ −2, ಅಂಥವು ಎರಡು, ಒಟ್ಟು −4, ಆದ್ದರಿಂದ ಟೈಟಾನಿಯಂ +4 ಎಂದು ಲೆಕ್ಕ ಹಾಕಿದವರು ಎಡವುವುದಿಲ್ಲ. ಮ್ಯಾಂಗನೀಸ್(4) ಆಕ್ಸೈಡ್‌ಗೂ ಇದೇ ಮಾತು.

ಎರಡನೆಯದು ಮರ್ಕ್ಯುರಿ(1) ಕ್ಲೋರೈಡ್. ಆವೇಶಗಳು +1 ಮತ್ತು −1 ಆದ್ದರಿಂದ ನಿಮ್ಮ ಉಪಾಯದ ಪ್ರಕಾರ ಹೆಚ್‌ಜಿ ಸಿಎಲ್. ಆದರೆ ಪಾದರಸದ +1 ಅಯಾನು ಒಂಟಿಯಾಗಿ ಇರುವುದಿಲ್ಲ. ಎರಡು ಪಾದರಸ ಪರಮಾಣುಗಳು ಪರಸ್ಪರ ಬಂಧದಿಂದ ಜೋಡಿಯಾಗಿ, ಜೋಡಿಗೆ ಒಟ್ಟು +2 ಆವೇಶವಿರುತ್ತದೆ: ಹೆಚ್‌ಜಿ₂²⁺. ಆದ್ದರಿಂದ ಸೂತ್ರ ಹೆಚ್‌ಜಿ₂ ಸಿಎಲ್₂. ಇದನ್ನು ಎರಡರಿಂದ ಭಾಗಿಸಿ ಸರಳಗೊಳಿಸುವಂತಿಲ್ಲ, ಏಕೆಂದರೆ ಕೆಳಗಿನ 2 ಇಲ್ಲಿ ಅಯಾನಿನ ಒಳಗಿನ ಭಾಗ. ಇದು ಕ್ಯಾಲೊಮೆಲ್; ಒಂದು ಕಾಲದಲ್ಲಿ ಔಷಧವಾಗಿ ಕೊಡುತ್ತಿದ್ದ ವಸ್ತು. ಮರ್ಕ್ಯುರಿ(2) ಕ್ಲೋರೈಡ್, ಅಂದರೆ ಹೆಚ್‌ಜಿ ಸಿಎಲ್₂, ನೀರಿನಲ್ಲಿ ಕರಗುವ ಘೋರ ವಿಷ. ಹೆಸರಿನಲ್ಲಿ 1ರ ಬದಲು 2 ಬರೆದರೆ ಆಗುವ ವ್ಯತ್ಯಾಸ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು, ಬಂಗಾರದಂತೆ ಹೊಳೆದು ಜನರನ್ನು ಏಮಾರಿಸುವ ಪೈರೈಟ್ ಖನಿಜ. ಸೂತ್ರ ಎಫ್‌ಇ ಎಸ್₂. ಸಲ್ಫೈಡ್ −2 ಎಂದು ಹಿಡಿದರೆ ಕಬ್ಬಿಣ +4 ಎಂದು ಬರುತ್ತದೆ. ಆದರೆ ಅಲ್ಲಿರುವುದು ಎರಡು ಬಿಡಿ ಸಲ್ಫೈಡ್ ಅಯಾನುಗಳಲ್ಲ, ಎರಡು ಗಂಧಕ ಪರಮಾಣುಗಳು ಕೂಡಿದ ಎಸ್₂²⁻ ಎಂಬ ಒಂದೇ ಅಯಾನು. ಆದ್ದರಿಂದ ಕಬ್ಬಿಣ +2, ಹೆಸರು ಐರನ್(2) ಡೈಸಲ್ಫೈಡ್. ಕಬ್ಬಿಣಕ್ಕೆ +4 ಎಂಬ ಉತ್ತರ ಬಂದೊಡನೆ ‘ಇದು ಅಪರೂಪ, ಎಲ್ಲೋ ಎಡವಟ್ಟಾಗಿದೆ’ ಎಂಬ ಅನುಮಾನ ಹುಟ್ಟಬೇಕಾದರೆ ಆ ಲೋಹದ ಸಾಮಾನ್ಯ ಸ್ಥಿತಿಗಳ ಪರಿಚಯವಿರಬೇಕು. ಯಾಂತ್ರಿಕ ಉಪಾಯದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಸಂಶಯಾತ್ಮ

ಟೈಟಾನಿಯಂ ಉದಾಹರಣೆಯನ್ನು ಒಪ್ಪುತ್ತೇನೆ. ಹೆಸರಿನಿಂದ ಸೂತ್ರಕ್ಕೆ ಹೋಗುವಾಗ ಅಡ್ಡ ಬದಲಾವಣೆ, ಸೂತ್ರದಿಂದ ಹೆಸರಿಗೆ ಬರುವಾಗ ಋಣ ಅಯಾನಿನ ಲೆಕ್ಕ ಎಂದು ಇಟ್ಟುಕೊಂಡರೆ ಆದೀತು. ಆದರೂ ಆರಂಭಿಕರ ಮುಂದೆ ಪಾದರಸ ಮತ್ತು ಪೈರೈಟ್‌ಗಳನ್ನು ಮೊದಲೇ ಇಟ್ಟರೆ ಅವರು ಹೆದರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಹತ್ತು ಸಾಮಾನ್ಯ ಲೆಕ್ಕಗಳು ಸರಿಯಾಗಿ ಬಂದ ನಂತರ ಅಪವಾದಗಳನ್ನು ಹೇಳಬಹುದು.

ಕಲಿಕಾರ್ಥಿ

ಇಬ್ಬರಿಗೂ ಧನ್ಯವಾದಗಳು, ನಾನಂತೂ ಹೆದರಲಿಲ್ಲ. ಆದರೆ ಋಣ ಅಯಾನಿನ ಲೆಕ್ಕವನ್ನು ಎರಡು ಸೂತ್ರಗಳ ಮೇಲೆ ಪ್ರಯೋಗಿಸಿದಾಗ ಸಿಕ್ಕಿಹಾಕಿಕೊಂಡೆ. ಎಫ್‌ಇ₃ ಒ₄ ಎಂಬಲ್ಲಿ ನಾಲ್ಕು ಆಕ್ಸೈಡ್‌ಗಳಿಂದ −8. ಅದನ್ನು ಮೂರು ಕಬ್ಬಿಣಕ್ಕೆ ಹಂಚಿದರೆ ಪ್ರತಿಯೊಂದಕ್ಕೆ 8/3. ಭಿನ್ನರಾಶಿಯ ಆವೇಶ ಇರಲು ಸಾಧ್ಯವೆ? ಎರಡನೆಯದು ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಅದರಲ್ಲಿ ಮ್ಯಾಂಗನೀಸ್ ಎಂಬ ಸಂಕ್ರಮಣ ಲೋಹವಿದ್ದರೂ ಹೆಸರಿನಲ್ಲಿ ಅಂಕಿ ಇಲ್ಲ.

ನಿವೃತ್ತ ಉಪನ್ಯಾಸಕ

ಭಿನ್ನರಾಶಿ ಬಂದರೆ ಅದು ಸರಾಸರಿ ಎಂದು ತಿಳಿಯಬೇಕು. ಯಾವ ಅಯಾನಿನ ಮೇಲೂ 8/3 ಆವೇಶ ಇರುವುದಿಲ್ಲ. ಮ್ಯಾಗ್ನೆಟೈಟ್ ಎಂಬ ಈ ಕಪ್ಪು ಅದಿರಿನಲ್ಲಿ ಪ್ರತಿ ಮೂರು ಕಬ್ಬಿಣದ ಅಯಾನುಗಳಲ್ಲಿ ಒಂದು +2, ಎರಡು +3. ಒಟ್ಟು 2 + 3 + 3 = 8, ಲೆಕ್ಕ ಸರಿಹೋಯಿತು. ಹೆಸರಿನಲ್ಲಿ ಎರಡೂ ಅಂಕಿಗಳನ್ನು ಬರೆಯುತ್ತಾರೆ: ಐರನ್(2,3) ಆಕ್ಸೈಡ್. ಸೂತ್ರವನ್ನು ಎಫ್‌ಇ ಒ·ಎಫ್‌ಇ₂ ಒ₃ ಎಂದು ಬಿಡಿಸಿ ಬರೆಯುವ ರೂಢಿಯೂ ಇದೆ. ಆದರೆ ಅದು ಎರಡು ಆಕ್ಸೈಡ್‌ಗಳನ್ನು ಬೆರೆಸಿಟ್ಟ ಪುಡಿಯಲ್ಲ, ಒಂದೇ ಸ್ಫಟಿಕ ಜಾಲ ಎಂಬುದನ್ನು ಮರೆಯಬಾರದು.

ಪರ್ಮ್ಯಾಂಗನೇಟ್ ವಿಷಯ ಬೇರೆ. ಅಲ್ಲಿ ಧನ ಅಯಾನು ಪೊಟ್ಯಾಸಿಯಂ, ಅದಕ್ಕೆ ಒಂದೇ ಆವೇಶ, ಆದ್ದರಿಂದ ಅದಕ್ಕೆ ಅಂಕಿ ಬೇಡ. ಮ್ಯಾಂಗನೀಸ್ ಇರುವುದು ಎಂಎನ್‌ಒ₄⁻ ಎಂಬ ಋಣ ಅಯಾನಿನ ಒಳಗೆ. ನಾಲ್ಕು ಆಕ್ಸಿಜನ್‌ಗಳಿಂದ −8, ಅಯಾನಿನ ಒಟ್ಟು ಆವೇಶ −1, ಆದ್ದರಿಂದ ಮ್ಯಾಂಗನೀಸ್‌ನ ಉತ್ಕರ್ಷಣ ಸ್ಥಿತಿ +7. ಪೊಟ್ಯಾಸಿಯಂ ಮ್ಯಾಂಗನೇಟ್(7) ಎಂಬ ಹೆಸರನ್ನೂ ಕೆಲವು ಪುಸ್ತಕಗಳಲ್ಲಿ ಕಾಣಬಹುದು. ಹಸಿರು ಬಣ್ಣದ ಕೆ₂ ಎಂಎನ್‌ಒ₄ನಲ್ಲಿ ಅದೇ ಮ್ಯಾಂಗನೀಸ್ +6 ಆಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಎಫ್‌ಇ ಸಿಎಲ್₂ನಂಥ ಸರಳ ಸಂಯುಕ್ತಗಳಲ್ಲಿ ಆವರಣದ ಅಂಕಿಯನ್ನು ಅಯಾನಿನ ಆವೇಶ ಎಂದು ನಾನು ಮೇಲೆ ಹೇಳಿದ್ದು ಆರಂಭಕ್ಕೆ ಸಾಕು. ನಿಜವಾಗಿ ಅದು ಉತ್ಕರ್ಷಣ ಸ್ಥಿತಿ. ಏಕಪರಮಾಣು ಅಯಾನುಗಳಲ್ಲಿ ಇವೆರಡೂ ಒಂದೇ ಸಂಖ್ಯೆಯಾಗಿರುತ್ತವೆ. ಪರ್ಮ್ಯಾಂಗನೇಟ್‌ನಲ್ಲಿ ಮಾತ್ರ ಎಂಎನ್⁷⁺ ಎಂಬ ಬಿಡಿ ಅಯಾನು ಎಲ್ಲಿಯೂ ಇಲ್ಲ. ಮ್ಯಾಂಗನೀಸ್ ಮತ್ತು ಆಕ್ಸಿಜನ್‌ಗಳು ಸಹವೇಲೆನ್ಸೀಯ ಬಂಧದಿಂದ ಕೂಡಿವೆ, +7 ಎಂಬುದು ಇಲೆಕ್ಟ್ರಾನುಗಳ ಲೆಕ್ಕ ಇಡಲು ನಾವು ಮಾಡಿಕೊಂಡ ಗುರುತು. ಹಳದಿ ಕ್ರೋಮೇಟ್ ಸಿಆರ್‌ಒ₄²⁻ ಮತ್ತು ಕಿತ್ತಳೆ ಬಣ್ಣದ ಡೈಕ್ರೋಮೇಟ್ ಸಿಆರ್₂ಒ₇²⁻ ಎರಡರಲ್ಲಿಯೂ ಕ್ರೋಮಿಯಂ +6 ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ. ಬಣ್ಣ ಬದಲಾದರೆ ಉತ್ಕರ್ಷಣ ಸ್ಥಿತಿ ಬದಲಾಗಿದೆ ಎಂಬ ಊಹೆಯೂ ಅಲ್ಲಿಗೆ ಸುಳ್ಳಾಗುತ್ತದೆ.

ಪ್ರಯೋಗಾಲಯ ಸಹಾಯಕಿ

ಬಣ್ಣದ ಮಾತು ಬಂದದ್ದರಿಂದ ಸ್ಫಟಿಕ ಜಲದ ವಿಷಯವನ್ನೂ ಇಲ್ಲಿಯೇ ಹೇಳುವುದು ಒಳ್ಳೆಯದು. ಸಂಕ್ರಮಣ ಲೋಹಗಳ ಲವಣಗಳು ಬಹುಪಾಲು ಬಾಟಲಿಯಲ್ಲಿ ಸಿಗುವುದು ನೀರನ್ನು ಹಿಡಿದುಕೊಂಡ ರೂಪದಲ್ಲಿ. ಮೈಲುತುತ್ತ ಎಂದರೆ ಸಿಯು ಎಸ್‌ಒ₄·5ಹೆಚ್₂ಒ, ಹೆಸರು ಕಾಪರ್(2) ಸಲ್ಫೇಟ್ ಪೆಂಟಾಹೈಡ್ರೇಟ್. ಈ ನೀಲಿ ಹರಳನ್ನು ಪ್ರನಾಳದಲ್ಲಿ ಕಾಯಿಸಿದರೆ ನೀರು ಬಿಟ್ಟುಹೋಗಿ ಬಿಳಿ ಪುಡಿ ಉಳಿಯುತ್ತದೆ, ಅದಕ್ಕೆ ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ಎರಡೂ ಹೊತ್ತು ತಾಮ್ರ +2 ಆಗಿಯೇ ಇರುತ್ತದೆ, ಏಕೆಂದರೆ ನೀರಿಗೆ ಆವೇಶವಿಲ್ಲ. ಆದ್ದರಿಂದ ಆವೇಶದ ಲೆಕ್ಕ ಹಾಕುವಾಗ ಚುಕ್ಕೆಯ ಬಲಗಡೆ ಇರುವುದನ್ನು ಕೈಯಿಂದ ಮುಚ್ಚಿಕೊಳ್ಳಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.

ತೂಕ ಮಾಡುವಾಗ ಮಾತ್ರ ಮುಚ್ಚಿಕೊಳ್ಳಬಾರದು. ನಿರ್ಜಲ ಕಾಪರ್(2) ಸಲ್ಫೇಟಿನ ಒಂದು ಮೋಲ್ ಸುಮಾರು 159.6 ಗ್ರಾಂ, ಪೆಂಟಾಹೈಡ್ರೇಟಿನದು 249.7 ಗ್ರಾಂ. ಸೂತ್ರದಲ್ಲಿ ನೀರನ್ನು ಬರೆಯಲು ಮರೆತು, ನೀಲಿ ಹರಳನ್ನು 159.6 ಗ್ರಾಂ ತೂಗಿ ಹಾಕಿದರೆ ಸಿಗುವುದು ಸುಮಾರು 0.64 ಮೋಲ್ ಮಾತ್ರ. ದ್ರಾವಣ ನೋಡಲು ನೀಲಿಯಾಗಿಯೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಮುಂದಿನ ಲೆಕ್ಕಗಳೆಲ್ಲ ಹಾಳಾಗುತ್ತವೆ.

ಅನ್ನಭೇದಿಯ ಬಾಟಲಿ ಇನ್ನೊಂದು ಪಾಠ ಹೇಳುತ್ತದೆ. ಎಫ್‌ಇ ಎಸ್‌ಒ₄·7ಹೆಚ್₂ಒ ಹರಳುಗಳು ಹೊಸದಾಗಿರುವಾಗ ತಿಳಿಹಸಿರು. ಮುಚ್ಚಳ ಸಡಿಲವಾಗಿದ್ದರೆ ಹರಳುಗಳ ಮೈಮೇಲೆ ಹಳದಿ ಮಿಶ್ರಿತ ಕಂದು ಪುಡಿ ಕೂರುತ್ತದೆ. ಗಾಳಿಯ ಆಕ್ಸಿಜನ್ ಸೇರಿ +2 ಕಬ್ಬಿಣದಲ್ಲಿ ಒಂದಿಷ್ಟು ಭಾಗ +3 ಆಗಿರುವುದೇ ಅದಕ್ಕೆ ಕಾರಣ. ಚೀಟಿಯಲ್ಲಿ ಐರನ್(2) ಎಂದೇ ಇರುತ್ತದೆ, ಒಳಗಿರುವುದು ಪೂರ್ತಿಯಾಗಿ ಅದಲ್ಲ. ಕರಾರುವಾಕ್ಕಾದ ಅನುಮಾಪನಕ್ಕೆ (ಸಾರತೆ ಗೊತ್ತಿರುವ ದ್ರಾವಣ ಹಾಕಿ ಪ್ರಮಾಣ ಅಳೆಯುವುದಕ್ಕೆ) ನಾವು ಅದರ ಬದಲು ಮೋರ್ ಲವಣವನ್ನು, ಅಂದರೆ ಅಮೋನಿಯಂ ಐರನ್(2) ಸಲ್ಫೇಟ್ ಹೆಕ್ಸಾಹೈಡ್ರೇಟನ್ನು ಬಳಸುವುದು ಅದು ಗಾಳಿಗೆ ಅಷ್ಟು ಬೇಗ ಕೆಡುವುದಿಲ್ಲವೆಂದೇ. ಅದರ ಸೂತ್ರ (ಎನ್‌ಹೆಚ್₄)₂ ಎಫ್‌ಇ (ಎಸ್‌ಒ₄)₂·6ಹೆಚ್₂ಒ. ಎರಡು ಅಮೋನಿಯಂ ಅಯಾನುಗಳಿಂದ +2, ಎರಡು ಸಲ್ಫೇಟ್‌ಗಳಿಂದ −4, ಉಳಿದ +2 ಕಬ್ಬಿಣದ್ದು.

ಧಾತುಪ್ರಿಯೆ

ಸಹಾಯಕಿಯವರ ಮಾತಿನಿಂದ ನನಗೆ ಇನ್ನೊಂದು ವಿಷಯ ನೆನಪಾಯಿತು. ಕಾಗದದ ಮೇಲೆ ಆವೇಶ ಸರಿಹೊಂದಿದ ಮಾತ್ರಕ್ಕೆ ಆ ವಸ್ತು ಲೋಕದಲ್ಲಿ ಇದೆ ಎಂದಾಗುವುದಿಲ್ಲ. ಕಾಪರ್(2) ಅಯೊಡೈಡ್‌ನ ಸೂತ್ರ ಬರೆಯಿರಿ ಎಂದು ಅಭ್ಯಾಸದ ಹಾಳೆಗಳಲ್ಲಿ ಕೇಳಿರುತ್ತಾರೆ, ಸಿಯು ಐ₂ ಎಂದು ಬರೆದರೆ ಅಂಕವೂ ಸಿಗುತ್ತದೆ. ಆದರೆ ಕಾಪರ್(2) ಸಲ್ಫೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಸಿಗುವುದು ಸಿಯು ಐ, ಅಂದರೆ ಕಾಪರ್(1) ಅಯೊಡೈಡ್‌ನ ಬಿಳಿಯ ಒತ್ತರ, ಜೊತೆಗೆ ಬಿಡುಗಡೆಯಾದ ಅಯೊಡಿನ್‌ನಿಂದ ಕಂದಾದ ದ್ರಾವಣ. ಅಯೊಡೈಡ್ ಅಯಾನು ತನ್ನ ಇಲೆಕ್ಟ್ರಾನನ್ನು ತಾಮ್ರಕ್ಕೆ ಕೊಟ್ಟು ಅದನ್ನು +1ಕ್ಕೆ ಇಳಿಸಿಬಿಡುತ್ತದೆ. ಎರಡು ತಾಮ್ರದ ಅಯಾನುಗಳಿಗೆ ಒಂದು ಅಯೊಡಿನ್ ಅಣು ಎಂಬ ಈ ಖಚಿತ ಅನುಪಾತವನ್ನೇ ಬಳಸಿಕೊಂಡು, ಹೊರಬಂದ ಅಯೊಡಿನ್ ಅನ್ನು ಥಯೊಸಲ್ಫೇಟ್‌ನಿಂದ ಅನುಮಾಪನ ಮಾಡಿ ತಾಮ್ರದ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ಐರನ್(3) ಅಯೊಡೈಡ್ ಕೂಡ ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಪ್ರಶ್ನೆಪತ್ರಿಕೆ ರಚಿಸುವವರು ಲೋಹಗಳ ಪಟ್ಟಿಯನ್ನೂ ಋಣ ಅಯಾನುಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಗೆರೆ ಎಳೆಯುವ ಬದಲು ಇದನ್ನು ಸ್ವಲ್ಪ ಯೋಚಿಸಬೇಕು ಎಂಬುದು ನನ್ನ ಬಹುದಿನಗಳ ಕೊರಗು.

ಸಂಶಯಾತ್ಮ

ಹಾಗಾದರೆ ಐರನ್(2) ಆಕ್ಸೈಡ್ ಬಗ್ಗೆ ಏನು ಹೇಳುತ್ತೀರಿ? ಎಫ್‌ಇ ಒ ಎಂಬ ಸೂತ್ರದಲ್ಲಿ ಅನುಪಾತ ಸರಿಯಾಗಿ 1:1. ಆದರೆ ವುಸ್ಟೈಟ್ ಖನಿಜದಲ್ಲಿ ಕಬ್ಬಿಣ ಯಾವಾಗಲೂ ಒಂದಿಷ್ಟು ಕಡಿಮೆ ಎಂದು ಓದಿದ್ದೇನೆ. ಅಲ್ಲಿ ತಟಸ್ಥತೆಯ ನಿಯಮವೇ ಮುರಿದಂತಾಗಲಿಲ್ಲವೆ?

ಧಾತುಪ್ರಿಯೆ

ನಿಯಮ ಮುರಿಯುವುದಿಲ್ಲ, ಮುರಿಯುವುದು ಪೂರ್ಣಾಂಕಗಳ ಮೇಲಿನ ನಮ್ಮ ಮೋಹ. ಪ್ರತಿ 100 ಆಕ್ಸೈಡ್ ಅಯಾನುಗಳಿಗೆ 95 ಕಬ್ಬಿಣದ ಅಯಾನುಗಳಿರುವ ಹರಳನ್ನು ಊಹಿಸಿಕೊಳ್ಳಿ. ಋಣ ಆವೇಶ 200. ತೊಂಬತ್ತೈದೂ +2 ಆಗಿದ್ದರೆ ಸಿಗುವುದು 190 ಮಾತ್ರ, ಇನ್ನೂ 10 ಬೇಕು. ಆದ್ದರಿಂದ ಅವುಗಳಲ್ಲಿ 10 ಅಯಾನುಗಳು +3 ಆಗಿರಬೇಕು, ಉಳಿದ 85 ಮಾತ್ರ +2. ಐದು ಜಾಗಗಳು ಖಾಲಿ. 85ನ್ನು 2ರಿಂದ, 10ನ್ನು 3ರಿಂದ ಗುಣಿಸಿ ಕೂಡಿಸಿದರೆ 170 + 30 = 200. ಸೂತ್ರವನ್ನು ಕರಾರುವಾಕ್ಕಾಗಿ ಬರೆಯುವುದಾದರೆ ಎಫ್‌ಇ₀.₉₅ ಒ ಎಂದು ಬರೆಯಬೇಕಾಗುತ್ತದೆ. ಡಿ-ಕವಚದ ಲೋಹಗಳಲ್ಲಿ ಎರಡು ಸ್ಥಿತಿಗಳು ಅಕ್ಕಪಕ್ಕದಲ್ಲಿಯೇ ಇರಬಲ್ಲವಾದ್ದರಿಂದ ಇಂಥದ್ದು ಸಾಧ್ಯ; ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ನಿಮಗೆ ಇದು ಕಾಣಸಿಗುವುದಿಲ್ಲ.

ನಿವೃತ್ತ ಉಪನ್ಯಾಸಕ

ಜಿಂಕ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಸತುವಿನಲ್ಲಿ 3ಡಿ ಉಪಕವಚ ಹತ್ತು ಇಲೆಕ್ಟ್ರಾನುಗಳಿಂದ ತುಂಬಿರುತ್ತದೆ. ಎರಡು 4ಎಸ್ ಇಲೆಕ್ಟ್ರಾನುಗಳು ಹೋದ ಮೇಲೆ ಆ ತುಂಬಿದ ಕವಚಕ್ಕೆ ಕೈಹಾಕುವುದು ಕಷ್ಟ, ಆದ್ದರಿಂದ +2 ಒಂದೇ ಸ್ಥಿತಿ. ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ವ್ಯಾಖ್ಯೆಯಂತೆ ಪರಮಾಣುವಿನಲ್ಲಾಗಲಿ ಧನ ಅಯಾನಿನಲ್ಲಾಗಲಿ ಅಪೂರ್ಣ ಡಿ-ಉಪಕವಚ ಇರುವ ಧಾತು ಸಂಕ್ರಮಣ ಧಾತು, ಹಾಗಾಗಿ ಸತು ಆ ಗುಂಪಿಗೆ ಸೇರುವುದೇ ಇಲ್ಲ. ಕ್ಯಾಡ್ಮಿಯಂಗೂ ರೂಢಿಯಲ್ಲಿ +2 ಒಂದೇ. ಸ್ಕ್ಯಾಂಡಿಯಂ ಸಂಕ್ರಮಣ ಧಾತುವೇ ಆದರೂ ಸಾಮಾನ್ಯವಾಗಿ +3ರಲ್ಲಿಯೇ ಕಾಣಸಿಗುವುದರಿಂದ ಅಂಕಿ ಹಾಕುವುದಿಲ್ಲ. ಬೆಳ್ಳಿಯ ಮಟ್ಟಿಗೆ ಇದು ಪ್ರಕೃತಿಯ ನಿಯಮಕ್ಕಿಂತ ಹೆಚ್ಚಾಗಿ ಬರವಣಿಗೆಯ ರೂಢಿ: ಸಿಲ್ವರ್ ನೈಟ್ರೇಟ್ ಎಂದರೆ +1 ಎಂದು ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ, ಆದರೆ ಎಜಿ ಎಫ್₂ ಎಂಬ ಸಿಲ್ವರ್(2) ಫ್ಲೋರೈಡ್ ಕೂಡ ಇದೆ, ಅಲ್ಲಿ ಅಂಕಿಯನ್ನು ಬಿಡುವಂತಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ತವರ ಮತ್ತು ಸೀಸ ಸಂಕ್ರಮಣ ಲೋಹಗಳಲ್ಲ, ಆದರೂ ಅವಕ್ಕೆ +2, +4 ಎಂಬ ಎರಡು ಸ್ಥಿತಿಗಳಿರುವುದರಿಂದ ಲೆಡ್(4) ಆಕ್ಸೈಡ್, ಟಿನ್(2) ಕ್ಲೋರೈಡ್ ಎಂದೇ ಬರೆಯಬೇಕು. ಆವರ್ತ ಕೋಷ್ಟಕದ ಯಾವ ಭಾಗದಲ್ಲಿದೆ ಎಂಬುದಕ್ಕಿಂತ ಒಂದಕ್ಕಿಂತ ಹೆಚ್ಚು ಸ್ಥಿತಿಗಳಿವೆಯೇ ಎಂಬುದೇ ಮುಖ್ಯ.

ಕಲಿಕಾರ್ಥಿಯವರೇ, ಈಗ ತಾವು ಇವುಗಳನ್ನು ಬಿಡಿಸಿ ಇಲ್ಲಿಯೇ ಬರೆಯಿರಿ: ಕ್ರೋಮಿಯಂ(3) ಕಾರ್ಬೋನೇಟ್, ಮರ್ಕ್ಯುರಿ(1) ನೈಟ್ರೇಟ್ ಮತ್ತು ಕಾಪರ್(1) ಆಕ್ಸೈಡ್‌ಗಳ ಸೂತ್ರಗಳು. ಹೆಸರು ಬರೆಯಲು ಒಂದೇ ಒಂದು: ಎಫ್‌ಇ₄[ಎಫ್‌ಇ(ಸಿಎನ್)₆]₃. ಚೌಕ ಆವರಣದೊಳಗಿನ ಅಯಾನಿನ ಆವೇಶ −4 ಎಂಬ ಸುಳಿವನ್ನು ಕೊಟ್ಟಿದ್ದೇನೆ, ಸಯನೈಡ್ −1 ಎಂಬುದು ತಮಗೆ ಗೊತ್ತು.

ಕಲಿಕಾರ್ಥಿ

ಕ್ರೋಮಿಯಂ +3, ಕಾರ್ಬೋನೇಟ್ −2, ಲ.ಸಾ.ಅ. 6, ಆದ್ದರಿಂದ ಸಿಆರ್₂(ಸಿಒ₃)₃. ಇಲ್ಲಿನ ಸಿಒ ಕಾರ್ಬನ್ ಮತ್ತು ಆಕ್ಸಿಜನ್, ಕೋಬಾಲ್ಟ್ ಅಲ್ಲ. ಪಾದರಸದ ಅಯಾನು ಜೋಡಿಯಾಗಿ +2 ಇರುವುದರಿಂದ ಎರಡು ನೈಟ್ರೇಟ್ ಬೇಕು: ಹೆಚ್‌ಜಿ₂ ಎನ್‌ಒ₃₂. ಕಾಪರ್(1) ಆಕ್ಸೈಡ್ ಎಂದರೆ ಸಿಯು₂ ಒ.

ಕೊನೆಯದರಲ್ಲಿ ಮೂರು ಋಣ ಅಯಾನುಗಳಿಂದ −12. ಅದನ್ನು ಹೊರಗಿನ ನಾಲ್ಕು ಕಬ್ಬಿಣದ ಅಯಾನುಗಳು ಸರಿದೂಗಿಸಬೇಕಾದ್ದರಿಂದ ಒಂದೊಂದೂ +3. ಒಳಗಿನ ಕಬ್ಬಿಣಕ್ಕೆ ಆರು ಸಯನೈಡ್‌ಗಳಿಂದ −6, ಒಟ್ಟು −4 ಆಗಬೇಕಾದರೆ ಅದು +2. ಒಂದೇ ಸಂಯುಕ್ತದಲ್ಲಿ ಒಂದೇ ಲೋಹಕ್ಕೆ ಎರಡು ಜಾಗದಲ್ಲಿ ಎರಡು ಸ್ಥಿತಿಗಳು. ಒಳಗಿನ ಭಾಗದ ಹೆಸರನ್ನು ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ನಿವೃತ್ತ ಉಪನ್ಯಾಸಕ

ಕೊನೆಯದು ಪ್ರಷ್ಯನ್ ನೀಲಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ತಯಾರಾದ ವರ್ಣದ್ರವ್ಯ. ತಮ್ಮ ಲೆಕ್ಕ ಪೂರ್ತಿ ಸರಿಯಾಗಿದೆ. ಸಂಕೀರ್ಣ ಋಣ ಅಯಾನಿನಲ್ಲಿ ಲೋಹದ ಹೆಸರು ‘ಏಟ್’ ಎಂದು ಕೊನೆಗೊಳ್ಳುತ್ತದೆ ಮತ್ತು ಕಬ್ಬಿಣಕ್ಕೆ ಲ್ಯಾಟಿನ್ ಹೆಸರಿನಿಂದ ಫೆರೇಟ್ ಎಂಬ ರೂಪ ಬರುತ್ತದೆ. ಹೀಗಾಗಿ ಐರನ್(3) ಹೆಕ್ಸಾಸಯನೊಫೆರೇಟ್(2). ಸಿಒ ಬಗೆಗಿನ ತಮ್ಮ ಎಚ್ಚರಿಕೆಯೂ ಮೆಚ್ಚುವಂಥದ್ದು.

ತಿದ್ದಬೇಕಾದದ್ದು ಎರಡನೆಯದು. ಎಣಿಕೆ ಸರಿಯಿದ್ದರೂ ಬರವಣಿಗೆ ತಪ್ಪಿದೆ. ಬಹುಪರಮಾಣು ಅಯಾನು ಒಂದಕ್ಕಿಂತ ಹೆಚ್ಚಿದ್ದಾಗ ಅದನ್ನು ಆವರಣದೊಳಗೆ ಇಟ್ಟು ಹೊರಗೆ ಅಂಕಿ ಬರೆಯಬೇಕು, ಇಲ್ಲವಾದರೆ ಓದುವವರು ಅದನ್ನು ಮೂವತ್ತೆರಡು ಆಕ್ಸಿಜನ್ ಎಂದು ಓದುತ್ತಾರೆ. ಸೂತ್ರ ಹೆಚ್‌ಜಿ₂(ಎನ್‌ಒ₃)₂.